ರಾಯಚೂರಿನಲ್ಲಿ ಮಗಳಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸಿದ್ದು: ಎಲ್ಲಿ ದುಡ್ಡು ಉಳಿಯಿತು, ಎಲ್ಲಿ ಉಳಿಸಬಾರದು

ನಾಗರ ಪಂಚಮಿ ಹೊತ್ತಿಗೆ ಶುರುವಾದ ಕೆಲಸ ದೀಪಾವಳಿಗೆ ಮುಗಿಯಿತು. ಮಗಳ ಕಣ್ಣಿಗೆ ಲೆನ್ಸ್ ಹಾಕಿಸಲು ಇಷ್ಟು ದಿನ ಬೇಕಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನಮ್ಮ ಕಡೆ ಇದರ ಬಗ್ಗೆ ಸರಿಯಾಗಿ ಹೇಳುವವರು ಕಡಿಮೆ. ಕೇಳಿದವರೆಲ್ಲ "ಹೈದರಾಬಾದಿಗೆ ಹೋಗ್ರಿ" ಅನ್ನುತ್ತಾರೆ. ಆದರೆ ಎಲ್ಲವೂ ರಾಯಚೂರಿನಲ್ಲೇ ಆಯಿತು. ಎಲ್ಲಿ ಎಷ್ಟು ಖರ್ಚಾಯಿತು, ಎಲ್ಲಿ ತಡವಾಯಿತು ಅನ್ನುವುದನ್ನು ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮಗಳು ಪಿಯುಸಿ ಮೊದಲ ವರ್ಷ. ಖೋ ಖೋ ಆಡುತ್ತಾಳೆ. ಆರನೇ ತರಗತಿಯಿಂದ ಕನ್ನಡಕ ಇದೆ. ಕಂಬದ ಹತ್ತಿರ ಡೈವ್ ಹೊಡೆದಾಗ ಕನ್ನಡಕ ಎಲ್ಲೋ ಹೋಗಿ ಬೀಳುತ್ತದೆ. ತಲೆ ಹಿಂದೆ ಇಲಾಸ್ಟಿಕ್ ಪಟ್ಟಿ ಕಟ್ಟಿ ನೋಡಿದೆವು, ಬೆವರಿಗೆ ಜಾರುತ್ತದೆ. ಹೋದ ವರ್ಷ ಎರಡು ಕನ್ನಡಕ ಒಡೆದವು. ಪವರ್ ಜಾಸ್ತಿ ಇರುವುದರಿಂದ ತೆಳು ಗ್ಲಾಸೇ ಬೇಕು, ಒಂದೊಂದಕ್ಕೆ 2,000 ದಾಟುತ್ತದೆ. ಈ ವರ್ಷ ಅವಳು ನಮಗೆ ಹೇಳದೆ ಕನ್ನಡಕ ತೆಗೆದಿಟ್ಟೇ ಆಡುತ್ತಿದ್ದಳು. ಗೊತ್ತಾಗಿ ಕೇಳಿದಾಗ ಹೇಳಿದಳು: "ಅಪ್ಪಾ, ಮುಂದ ಓಡೋರು ಯಾರಂತ ಗೊತ್ತಾಗಲ್ಲ. ಬರೇ ಬಣ್ಣ ಕಾಣ್ತದ." ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡು ಉಳಿಸಲು ಮಗಳು ಕಾಣದೇ ಓಡುತ್ತಿದ್ದಾಳೆ ಅನ್ನುವುದು ಯಾವ ತಂದೆಗೂ ತಡೆಯುವ ಮಾತಲ್ಲ.

ನಾನು ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಪ್ರತಿ ಬಿಲ್ಲು, ಪ್ರತಿ ಚೀಟಿ ಇಟ್ಟುಕೊಂಡಿದ್ದೇನೆ. ಕೆಳಗೆ ಹೇಳುವ ದರಗಳು ನಾನು ಕೊಟ್ಟ ಅಥವಾ ನನಗೆ ಹೇಳಿದ ದರಗಳು. ಕಂಪನಿ ಬದಲಾದರೆ, ಪವರ್ ಬದಲಾದರೆ ದರವೂ ಬದಲಾಗುತ್ತದೆ.

ಮೊದಲು ಹೋದದ್ದು ಒಂದು ಕನ್ನಡಕದ ಅಂಗಡಿಗೆ. ಮಗಳನ್ನು ಮಷಿನ್ ಮುಂದೆ ಕೂರಿಸಿದರು. ಒಂದು ಸಣ್ಣ ಚೀಟಿ ಪ್ರಿಂಟ್ ಆಗಿ ಬಂತು. ಅಷ್ಟೇ ನೋಡಿ, ಎರಡೂ ಕಣ್ಣಿಗೆ ಟೋರಿಕ್ ಲೆನ್ಸ್ ಬೇಕು, ವರ್ಷದ ಪ್ಯಾಕೇಜ್ 14,000 ಅಂದರು. ಇವತ್ತೇ ಅಡ್ವಾನ್ಸ್ ಕೊಟ್ಟರೆ ಸಲ್ಯೂಷನ್, ಅಂದರೆ ಲೆನ್ಸ್ ತೊಳೆದು ನೆನೆಸಿಡುವ ದ್ರವ, ಫ್ರೀ ಅಂತಲೂ ಹೇಳಿದರು. ಕಣ್ಣಿನ ಗುಡ್ಡೆ ಎಲ್ಲ ಕಡೆ ಒಂದೇ ಸಮ ಬಾಗಿಲ್ಲದಿದ್ದರೆ ಅದನ್ನು ತಿದ್ದುವ ಪವರಿಗೆ ಸಿಲಿಂಡರ್ ಅನ್ನುತ್ತಾರೆ, ಅದು ಇರುವವರಿಗೆ ಮಾಡುವ ಲೆನ್ಸಿಗೆ ಟೋರಿಕ್ ಅನ್ನುತ್ತಾರೆ. ಸಾದಾ ಲೆನ್ಸಿಗಿಂತ ಅದರ ದರ ಸುಮಾರು ಎರಡು ಪಟ್ಟು. ಲೆನ್ಸ್ ಕಣ್ಣಿಗೆ ಹೊಂದುತ್ತದಾ, ಕಣ್ಣು ಒಣಗುತ್ತದಾ, ಅಲರ್ಜಿ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಯೋಚನೆ ಮಾಡಿ ಬರುತ್ತೇವೆ ಅಂತ ಹೇಳಿ ಎದ್ದು ಬಂದೆವು.

ಆಮೇಲೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಖಾಸಗಿ ಆಸ್ಪತ್ರೆ, ಕನ್ಸಲ್ಟೇಷನ್ 300 ರೂಪಾಯಿ. ಅಲ್ಲಿನ ಮೇಡಂ ಮೊದಲು ಹೇಳಿದ್ದೇ ಡ್ರಾಪ್ಸ್ ಹಾಕಿ ಪವರ್ ನೋಡಬೇಕು ಅಂತ. ಚಿಕ್ಕ ವಯಸ್ಸಿನವರು ಮಷಿನ್ ಒಳಗೆ ನೋಡುವಾಗ ಗೊತ್ತಿಲ್ಲದೇ ಕಣ್ಣು ಬಿಗಿ ಹಿಡಿಯುತ್ತಾರಂತೆ. ಆಗ ಮೈನಸ್ ಪವರ್ ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಡ್ರಾಪ್ಸ್ ಹಾಕಿದರೆ ಆ ಬಿಗಿ ಸಡಿಲವಾಗುತ್ತದೆ. ಹಾಗೆಯೇ ಆಯಿತು. ಅಂಗಡಿಯ ಚೀಟಿಗೂ ಇಲ್ಲಿನ ಲೆಕ್ಕಕ್ಕೂ 0.50 ಪವರ್ ವ್ಯತ್ಯಾಸ ಬಂತು. ಬಲಗಣ್ಣು ಮೈನಸ್ 5.50, ಸಿಲಿಂಡರ್ ಮೈನಸ್ 1.25. ಎಡಗಣ್ಣು ಮೈನಸ್ 6.00, ಸಿಲಿಂಡರ್ ಮೈನಸ್ 0.50.

ಡ್ರಾಪ್ಸ್ ಹಾಕಿಸುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹತ್ತಿರದ್ದು ಓದಲು ಆಗುವುದಿಲ್ಲ, ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಮಗಳಿಗೆ ಮರುದಿನ ಟೆಸ್ಟ್ ಇತ್ತು, ಪಾಠ ನಾನು ಓದಿ ಹೇಳಿದೆ. ಡ್ರಾಪ್ಸ್ ಇಳಿದ ಮೇಲೆ ಇನ್ನೊಂದು ಸಲ ಕರೆಸಿ ಪವರ್ ಖಚಿತ ಮಾಡುತ್ತಾರೆ. ಲೆನ್ಸ್ ಟ್ರಯಲ್ ಅದಾದ ಮೇಲೆಯೇ. ಒಂದೇ ದಿನ ಎಲ್ಲ ಮುಗಿಯುತ್ತದೆ ಅಂತ ದೂರದ ಊರಿಂದ ಬಂದವರು ಅಲ್ಲಿ ಬೇಸರ ಮಾಡಿಕೊಳ್ಳುವುದನ್ನು ನೋಡಿದೆ. ಲಿಂಗಸುಗೂರು, ದೇವದುರ್ಗ ಕಡೆಯಿಂದ ಬರುವವರು ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಲೆನ್ಸ್ ಬದಲು ಆಪರೇಷನ್ ಮಾಡಿಸಿದರೆ ಹೇಗೆ ಅಂತಲೂ ಕೇಳಿದೆ. 18 ತುಂಬಬೇಕು, ಪವರ್ ಒಂದು ವರ್ಷವಾದರೂ ಬದಲಾಗದೆ ನಿಂತಿರಬೇಕು, ಆಮೇಲೆ ಕಣ್ಣಿನ ಪದರದ ದಪ್ಪ ನೋಡಿ ಹೇಳುತ್ತೇವೆ ಅಂದರು. ಆ ಮಾತು ಅಲ್ಲಿಗೇ ಬಿಟ್ಟೆವು.

ಫಿಟ್ಟಿಂಗ್, ಅಂದರೆ ಕಣ್ಣು ಅಳೆದು ಯಾವ ಲೆನ್ಸ್ ಹೊಂದುತ್ತದೆ ಅಂತ ಹಾಕಿ ನೋಡುವ ಹಂತಕ್ಕೆ 600 ರೂಪಾಯಿ ಬೇರೆ. ಮೊದಲು ನನಗೂ ಇದು ದಂಡ ಅನಿಸಿತು. ಈಗ ಹೇಳುತ್ತೇನೆ, ಇಡೀ ಖರ್ಚಿನಲ್ಲಿ ದುಡ್ಡು ಉಳಿಸಿಕೊಟ್ಟಿದ್ದು ಈ 600 ರೂಪಾಯಿ. ಆಪ್ಟೊಮೆಟ್ರಿಸ್ಟ್, ಅಂದರೆ ಪವರ್ ನೋಡಿ ಲೆನ್ಸ್ ಹಾಕಿಸುವವರು, ಒಬ್ಬ ಚಿಕ್ಕ ಹುಡುಗಿ, ಬಹಳ ತಾಳ್ಮೆ. ಕಣ್ಣಿನ ಗುಡ್ಡೆಯ ಬಾಗು ಅಳೆದರು. ರೆಪ್ಪೆ ಮಗುಚಿ ನೋಡಿದರು. ಕಣ್ಣೀರು ಸಾಕಷ್ಟಿದೆಯಾ ಅಂತ ಸಣ್ಣ ಪೇಪರ್ ಪಟ್ಟಿ ಇಟ್ಟು ನೋಡಿದರು. ಎಡಗಣ್ಣಿನ ಸಿಲಿಂಡರ್ ಬರೀ 0.50, ಅದಕ್ಕೆ ಟೋರಿಕ್ ಬೇಡ, ಸಾದಾ ಲೆನ್ಸ್ ಸಾಕು ಅಂದರು. ಟೋರಿಕ್ ಲೆನ್ಸ್ ಸಾಮಾನ್ಯವಾಗಿ ಶುರುವಾಗುವುದೇ 0.75 ಸಿಲಿಂಡರ್‌ನಿಂದ. ಅಂದರೆ ಅಂಗಡಿಯವರ ಮಾತು ಕೇಳಿದ್ದರೆ ಎಡಗಣ್ಣಿಗೆ ಸುಮ್ನೆ ಎರಡು ಪಟ್ಟು ದುಡ್ಡು ಹೋಗುತ್ತಿತ್ತು. ಮಗಳಿಗೆ ಸಾದಾ ಲೆನ್ಸ್ ಹಾಕಿ ಬೋರ್ಡ್ ಓದಿಸಿದರು. ಕೊನೆಯ ಸಾಲಿನ ತನಕ ಓದಿದಳು. ನಿಮಗೂ ಒಂದು ಕಣ್ಣಿನ ಸಿಲಿಂಡರ್ ಕಡಿಮೆ ಇದ್ದರೆ ಈ ಪ್ರಶ್ನೆ ಕೇಳಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕನ್ನಡಕದ ಪವರ್ ಚೀಟಿ ಹಿಡಿದುಕೊಂಡು ಲೆನ್ಸ್ ಕೊಳ್ಳಬಾರದು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂರುತ್ತದೆ. ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಮೈನಸ್ 4 ದಾಟಿದರೆ ಈ ದೂರದಿಂದ ಲೆಕ್ಕ ಬದಲಾಗುತ್ತದೆ, ಲೆನ್ಸಿಗೆ ಕಡಿಮೆ ಪವರ್ ಸಾಕು. ಮಗಳಿಗೆ ಎಡಗಣ್ಣಿಗೆ 6.00 ಬದಲು 5.75 ಬಂತು. ಬಲಗಣ್ಣಿಗೆ 5.50 ಬದಲು 5.25, ಆಕ್ಸಿಸ್ (ಸಿಲಿಂಡರ್ ಯಾವ ಕೋನಕ್ಕೆ ನಿಲ್ಲಬೇಕು ಅನ್ನುವ ಅಂಕಿ) 180.

ಅಲ್ಲೇ ಮೊದಲ ದೊಡ್ಡ ತಡೆ ಬಂತು. ಬಲಗಣ್ಣಿನ ಟೋರಿಕ್ ಟ್ರಯಲ್ ಲೆನ್ಸ್ ಅವರ ಹತ್ತಿರ ಇರಲಿಲ್ಲ. ಹೈದರಾಬಾದಿನಿಂದ ತರಿಸಬೇಕು ಅಂದರು. ನಾಲ್ಕೈದು ದಿನ ಅಂದದ್ದು ಎರಡು ವಾರ ದಾಟಿತು. ತಾಲ್ಲೂಕು ಮಟ್ಟದ ಪಂದ್ಯ ಅದೇ ನಡುವೆ ಬಂತು. ಮಗಳು ಹಳೇ ಕನ್ನಡಕಕ್ಕೆ ಪಟ್ಟಿ ಕಟ್ಟಿಕೊಂಡೇ ಆಡಿದಳು. ಟ್ರಯಲ್ ಇಲ್ಲದೆ ನೇರ ತರಿಸಿಬಿಡೋಣ ಅಂತ ನನ್ನ ಹೆಂಡತಿ ಹೇಳಿದಳು, ಅವಳ ಸಂಕಟ ನನಗೂ ಇತ್ತು. ಆದರೆ ಟೋರಿಕ್ ಲೆನ್ಸ್ ಕಣ್ಣೊಳಗೆ ತಿರುಗದೆ ಒಂದೇ ಕಡೆ ನಿಲ್ಲಬೇಕು. ತಿರುಗಿದರೆ ಎಲ್ಲ ಮಸುಕು. ಅದನ್ನು ಹಾಕಿ ನೋಡಿಯೇ ತಿಳಿಯಬೇಕು. ಒಡೆದ ಡಬ್ಬಿ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಕಾದದ್ದೇ ಒಳ್ಳೆಯದಾಯಿತು. ಬಂದ ಮೊದಲ ಕಂಪನಿಯ ಲೆನ್ಸ್ ಅವಳ ಕಣ್ಣಲ್ಲಿ ನಿಲ್ಲಲಿಲ್ಲ, ಎರಡನೆಯದು ನಿಂತಿತು.

ಫಿಟ್ಟಿಂಗ್ ಮುಗಿದ ದಿನ ಚೀಟಿ ಕೇಳಿದೆ. ಕೌಂಟರ್‌ನಲ್ಲಿ "ಚೀಟಿ ಯಾಕ್ರಿ, ಲೆನ್ಸ್ ನಮ್ಮಲ್ಲೇ ಸಿಗ್ತಾವಲ್ರಿ" ಅಂದರು. ನಾನು ಜಗಳ ಮಾಡಲಿಲ್ಲ. ಫಿಟ್ಟಿಂಗ್ ದುಡ್ಡು ಕೊಟ್ಟಿದ್ದೇನೆ, ಮಗಳ ಫೈಲಿನಲ್ಲಿ ಇರಬೇಕು ಅಂತ ಮೇಡಂ ಹತ್ತಿರವೇ ಹೋಗಿ ಕೇಳಿದೆ. ಬರೆದು ಸೀಲ್ ಹಾಕಿ ಕೊಟ್ಟರು. ಈ ಚೀಟಿಯಲ್ಲಿ ಕಂಪನಿ ಮತ್ತು ಲೆನ್ಸಿನ ಹೆಸರು, ಬೇಸ್ ಕರ್ವ್, ಡಯಾಮೀಟರ್, ಪವರ್, ಸಿಲಿಂಡರ್, ಆಕ್ಸಿಸ್, ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವುದು ಇರಬೇಕು. ಬೇಸ್ ಕರ್ವ್ ಅಂದರೆ ಲೆನ್ಸಿನ ಒಳಬಾಗು, 8.6, 8.7 ಹೀಗೆ ಬರುತ್ತದೆ; ಡಯಾಮೀಟರ್ ಅಂದರೆ ಲೆನ್ಸಿನ ಅಗಲ, 14ರ ಆಸುಪಾಸು. ಇವು ಇಲ್ಲದ ಚೀಟಿ ಅರ್ಧ ಚೀಟಿ. ಇದು ಕೈಯಲ್ಲಿದ್ದರೆ ಎಲ್ಲಿ ಬೇಕಾದರೂ ದರ ಕೇಳಬಹುದು. ಇಲ್ಲದಿದ್ದರೆ ಒಂದೇ ಬಾಗಿಲಿಗೆ ಕಟ್ಟಿಹಾಕಿದ ಹಾಗೆ.

ಈಗ ಲೆಕ್ಕಕ್ಕೆ ಬರುತ್ತೇನೆ. ತಿಂಗಳ ಲೆನ್ಸ್ ಒಂದು ಡಬ್ಬಿಯಲ್ಲಿ 3 ಇರುತ್ತವೆ. ಆಗಸ್ಟ್‌ನಲ್ಲಿ ಕೇಳಿದಾಗ ಬಲಗಣ್ಣಿನ ಡಬ್ಬಿಗೆ 1,890, ಎಡಗಣ್ಣಿನದಕ್ಕೆ 840 ಅಂದಿದ್ದರು. 2025ರ ಸೆಪ್ಟೆಂಬರ್ 22ರಿಂದ ಕಾಂಟ್ಯಾಕ್ಟ್ ಲೆನ್ಸ್, ಕನ್ನಡಕದ ಗ್ಲಾಸ್, ಫ್ರೇಮ್ ಎಲ್ಲದರ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಹೋದರೆ ಹಳೇ ದರವನ್ನೇ ಹೇಳಿದರು. ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕುತ್ತೀರಿ ಅಂತ ಕೇಳಿದೆ. ಕಂಪ್ಯೂಟರ್ ನೋಡಿ, ಹೌದ್ರಿ ಅಂತ ಇಳಿಸಿದರು. 1,770 ಮತ್ತು 790 ಆಯಿತು. ನೀವೂ ಬಿಲ್ ಇಲ್ಲದೆ ಕೊಳ್ಳಬೇಡಿ, ಬಿಲ್ಲಿನಲ್ಲಿ ಆ ಸಾಲು ನೋಡಿ.

ತಿಂಗಳ ಲೆಕ್ಕ ಹೀಗೆ ಬರುತ್ತದೆ. ಬಲ 590, ಎಡ 263, ಸಲ್ಯೂಷನ್ ಸುಮಾರು 215. ಒಟ್ಟು 1,070ರ ಹತ್ತಿರ. ಇನ್ನೊಂದು ದಾರಿ ದಿನದ ಲೆನ್ಸ್, ಹಾಕಿ ಸಂಜೆ ಎಸೆಯುವುದು. ನಮಗೆ ಹೇಳಿದ ದರದಲ್ಲಿ ಒಂದು ಜೊತೆಗೆ 150 ಬೀಳುತ್ತದೆ, ಸಲ್ಯೂಷನ್ ಖರ್ಚಿಲ್ಲ. ದಿನದ್ದು ಅಂದ ತಕ್ಷಣ ದುಬಾರಿ ಅಂತ ಎಲ್ಲರೂ ಹೆದರುತ್ತಾರೆ. ಆದರೆ ತಿಂಗಳ ಲೆನ್ಸ್ ಒಂದೊಂದೂ ಅದರದರ ಸೀಲ್ ಒಡೆದ ದಿನದಿಂದ ಒಂದು ತಿಂಗಳು, ಅಷ್ಟೇ. ನಾಲ್ಕೇ ದಿನ ಹಾಕಿದ್ದರೂ ತಿಂಗಳಾದ ಮೇಲೆ ಎಸೆಯಬೇಕು. ಹಾಗಾಗಿ ತಿಂಗಳಿಗೆ ಏಳು ದಿನದ ಒಳಗೆ ಹಾಕುವವರಿಗೆ ದಿನದ ಲೆನ್ಸೇ ಅಗ್ಗ. ಅದಕ್ಕಿಂತ ಜಾಸ್ತಿ ಹಾಕುವವರಿಗೆ ತಿಂಗಳದ್ದು. ಮಗಳಿಗೆ ಪಂದ್ಯಗಳ ಕಾಲದಲ್ಲಿ ತಿಂಗಳ ಲೆನ್ಸ್, ಜನವರಿಯಿಂದ ಪರೀಕ್ಷೆ ಮುಗಿಯುವ ತನಕ ಬೇಕಾದ ದಿನಕ್ಕೆ ಮಾತ್ರ ದಿನದ್ದು ಅಂತ ಮಾಡಿಕೊಂಡಿದ್ದೇವೆ. ದಿನದ ಲೆನ್ಸಿನ ಬೇಸ್ ಕರ್ವ್ ಬೇರೆ ಇರಬಹುದು, ಅದಕ್ಕೂ ಟ್ರಯಲ್ ಹಾಕಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಆನ್‌ಲೈನ್‌ನಲ್ಲಿ ಎರಡೂ ಡಬ್ಬಿ ಸೇರಿ 300 ರೂಪಾಯಿ ಕಡಿಮೆ ಇತ್ತು. ಬಲಗಣ್ಣಿನದು ಊರಲ್ಲಿ ಸ್ಟಾಕ್ ಇರಲಿಲ್ಲ, ಹೇಗೂ ತರಿಸಲೇಬೇಕಿತ್ತು. ಆರ್ಡರ್ ಮಾಡಿದೆ. ಬಂದ ಡಬ್ಬಿಯ ಮೇಲೆ ಆಕ್ಸಿಸ್ 080 ಅಂತ ಇತ್ತು. ನಾನು ಹಾಕಿದ್ದು 180. ಆರ್ಡರಿನ ಸ್ಕ್ರೀನ್‌ಶಾಟ್ ಇಟ್ಟಿದ್ದೆ, ಡಬ್ಬಿಯ ಫೋಟೋ ತೆಗೆದು ಕಳಿಸಿದೆ. ಒಪ್ಪಿದರು, ಆದರೆ ವಾಪಸ್ ತೆಗೆದುಕೊಂಡು ಹೊಸದು ಕಳಿಸುವಷ್ಟರಲ್ಲಿ ದಸರಾ ರಜೆ ಎಲ್ಲ ಕಳೆಯಿತು. ಮಗಳು ದಿನಾ ಬಾಗಿಲು ನೋಡುತ್ತಿದ್ದಳು. ಡಬ್ಬಿ ಬಂದ ತಕ್ಷಣ ಸೀಲ್ ಒಡೆಯುವ ಮುಂಚೆ ಚೀಟಿ ಪಕ್ಕದಲ್ಲಿಟ್ಟು ಒಂದೊಂದು ಅಂಕಿ ಹೋಲಿಸಿ ನೋಡಿ. ಎಕ್ಸ್‌ಪೈರಿ, ಲಾಟ್ ನಂಬರ್, ಆಮದು ಮಾಡಿದವರ ಹೆಸರು, ಎಂಆರ್‌ಪಿ ಇರಬೇಕು. ಇವು ಇಲ್ಲದ ಡಬ್ಬಿ ಎಷ್ಟು ಅಗ್ಗ ಸಿಕ್ಕರೂ ಬೇಡ. ಇನ್ನು, ಆರು ಡಬ್ಬಿ ತೆಗೆದುಕೊಂಡರೆ ದೊಡ್ಡ ರಿಯಾಯಿತಿ ಅಂತ ತೋರಿಸುತ್ತಾರೆ. ಓದುವ ಮಕ್ಕಳಿಗೆ ಅಷ್ಟು ಕೊಳ್ಳಬೇಡಿ. ಪವರ್ ಬದಲಾದರೆ ಎಲ್ಲ ದಂಡ.

ಲೆನ್ಸ್ ಹಾಕುವುದು, ತೆಗೆಯುವುದು ಕಲಿಯಲು ಸ್ವಲ್ಪ ದಿನ ಬೇಕು. ಮೊದಲ ದಿನ ಮಗಳು ಅತ್ತಳು. ನಮ್ಮ ಅವ್ವ ಪಕ್ಕದಲ್ಲಿ ಕೂತು "ಕಣ್ಣಾಗ ಪ್ಲಾಸ್ಟಿಕ್ ಇಡ್ತೀರೇನಪಾ? ಹೆಣ್ಮಗಳು, ನೋಡಿ ಮಾಡ್ರಿ" ಅಂತ ಒಂದೇ ಸಮನೆ ಹೇಳುತ್ತಿದ್ದಳು. ಅವ್ವನಿಗೆ ಪೊರೆ ಆಪರೇಷನ್ ಆಗಿ ಕಣ್ಣೊಳಗೇ ಲೆನ್ಸ್ ಇದೆ ಅಂತ ಮೊಮ್ಮಗಳು ನೆನಪು ಮಾಡಿದ ಮೇಲೆ ಸುಮ್ಮನಾದಳು. ಆಮೇಲೆ ಕನ್ನಡಿ ಹಿಡಿದು ಕೂತವಳೂ ಅವಳೇ. ಬೆರಳ ತುದಿಯಲ್ಲಿಟ್ಟ ಲೆನ್ಸಿನ ಅಂಚು ನೆಟ್ಟಗೆ ಮೇಲಕ್ಕಿದ್ದರೆ ಸರಿ, ಹೊರಕ್ಕೆ ಬಾಗಿದ್ದರೆ ಒಳಗಿನದು ಹೊರಗಾಗಿದೆ ಅಂತ ಅರ್ಥ. ಮೊದಲ ದಿನಗಳಲ್ಲಿ ನಾಲ್ಕು ತಾಸು, ಆಮೇಲೆ ನಿಧಾನ ಹೆಚ್ಚಿಸಿ. ಮೆಣಸಿನಕಾಯಿ ಮುಟ್ಟಿದ ದಿನ ಬಹಳ ಎಚ್ಚರ. ನಮ್ಮ ಮನೆಯಲ್ಲಿ ಖಾರ ಕುಟ್ಟಿಸಿ ತಂದು ಡಬ್ಬಕ್ಕೆ ತುಂಬುವ ಕೆಲಸದಿಂದ ಮಗಳನ್ನು ಬಿಡಿಸಿದ್ದೇವೆ. ಸೋಪಿನಿಂದ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಕೈ ಪೂರ್ತಿ ಒಣಗಿಸಿಯೇ ಲೆನ್ಸ್ ಮುಟ್ಟಬೇಕು.

ಇಲ್ಲಿಂದ ಮುಂದೆ ದುಡ್ಡು ಉಳಿಸುವ ಮಾತಿಲ್ಲ. ಮಗಳ ಜೊತೆ ಆಡುವ ಹುಡುಗಿಯರು ಹೇಳಿದ ಕೆಲವು ಉಪಾಯಗಳನ್ನು ಕೇಳಿ ನನಗೆ ಎದೆ ಝಲ್ ಅಂತು. ಲೆನ್ಸ್ ಇಡುವ ಕೇಸಿನಲ್ಲಿ ಉಳಿದ ಸಲ್ಯೂಷನ್ ಚೆಲ್ಲದೆ ಮೇಲೆ ಸ್ವಲ್ಪ ಸೇರಿಸುವುದು. ಸಲ್ಯೂಷನ್ ಮುಗಿದರೆ ಫಿಲ್ಟರ್ ನೀರು. ತಿಂಗಳ ಲೆನ್ಸನ್ನು ಮೂರು ತಿಂಗಳು ಹಾಕುವುದು. ಬಣ್ಣದ ಲೆನ್ಸ್ ಮದುವೆಗೆ ಒಬ್ಬರಿಂದ ಒಬ್ಬರು ತೆಗೆದುಕೊಂಡು ಹಾಕುವುದು. ದಯವಿಟ್ಟು ಇವು ಯಾವುದನ್ನೂ ಮಾಡಬೇಡಿ. ನಲ್ಲಿ ನೀರಾಗಲಿ, ಬೋರ್ ನೀರಾಗಲಿ, ಫಿಲ್ಟರ್ ನೀರಾಗಲಿ, ಲೆನ್ಸಿಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಅನ್ನುವ ಜೀವಿ ಲೆನ್ಸ್ ಮೂಲಕ ಕಣ್ಣಿನ ಕರಿಗುಡ್ಡೆಗೆ ಹತ್ತಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ದೃಷ್ಟಿಯೇ ಹೋಗಬಹುದು. ಲೆನ್ಸ್ ಹಾಕಿಕೊಂಡು ಸ್ನಾನ, ಈಜು, ನಿದ್ದೆ ಯಾವುದೂ ಬೇಡ. ಸಲ್ಯೂಷನ್ ದಿನಾ ಹೊಸದು. ಬಾಟಲಿ ಒಡೆದ ದಿನಾಂಕ ಮೇಲೆ ಬರೆದಿಡಿ, ಅದರ ಮೇಲೆ ಹೇಳಿದ ಅವಧಿ ದಾಟಿದರೆ ಉಳಿದಿದ್ದರೂ ಚೆಲ್ಲಿ. ಲೆನ್ಸ್ ಇಡುವ ಕೇಸ್ ಮೂರು ತಿಂಗಳಿಗೊಮ್ಮೆ ಬದಲಿಸಿ. ಸಲ್ಯೂಷನ್ ಜೊತೆ ಕೇಸ್ ಫ್ರೀ ಬರುವ ಪ್ಯಾಕ್ ಇರುತ್ತದೆ, ಅದನ್ನೇ ಕೇಳಿ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಪ್ರಾಕ್ಟೀಸ್‌ನಲ್ಲಿ ಧೂಳು ಬಿದ್ದು ಎಡಗಣ್ಣು ಕೆಂಪಾಯಿತು. ಲೆನ್ಸ್ ತೆಗೆದರೂ ಚುಚ್ಚುವುದು ನಿಲ್ಲಲಿಲ್ಲ. ಬೆಳಕು ನೋಡಲು ಆಗುತ್ತಿರಲಿಲ್ಲ. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಕೇಳಿದರೆ "ಇದು ಹಾಕ್ರಿ, ಬೆಳಗಾಗೋದ್ರಾಗ ಕೆಂಪು ಹೋಗ್ತದ" ಅಂತ ಒಂದು ಡ್ರಾಪ್ಸ್ ಕೊಟ್ಟರು. ನಾನು ತೆಗೆದುಕೊಳ್ಳದೆ ನೇರ ಆಸ್ಪತ್ರೆಗೆ ಹೋದೆ. ಡಾಕ್ಟರ್ ಹಳದಿ ಬಣ್ಣದ ಪಟ್ಟಿ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರು. ಬರೀ ಗೀರು, ಹುಣ್ಣಲ್ಲ ಅಂದಾಗ ಮೈಯಲ್ಲಿ ಜೀವ ಬಂತು. ಅಂಗಡಿಯವರು ಕೊಡುತ್ತಿದ್ದ ಡ್ರಾಪ್ಸ್ ಹೆಸರು ಹೇಳಿದೆ. ಅದರಲ್ಲಿ ಸ್ಟೀರಾಯ್ಡ್ ಇದೆಯಂತೆ. ಹೊಲ, ಧೂಳಿನ ಕಡೆ ಕಣ್ಣಿಗೆ ಫಂಗಸ್ ಹುಣ್ಣಾಗುವುದು ಸಾಮಾನ್ಯ. ಅಂಥ ಕಣ್ಣಿಗೆ ಸ್ಟೀರಾಯ್ಡ್ ಹಾಕಿದರೆ ಕೆಂಪು ತಾತ್ಕಾಲಿಕವಾಗಿ ಇಳಿಯುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ಕೆಂಪು, ನೋವು, ಬೆಳಕಿಗೆ ಕಣ್ಣು ಮುಚ್ಚುವುದು, ಮಸುಕು, ಇವುಗಳಲ್ಲಿ ಯಾವುದಿದ್ದರೂ ಲೆನ್ಸ್ ತೆಗೆದು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಲೆನ್ಸ್, ಕೇಸ್ ಎರಡನ್ನೂ ತೆಗೆದುಕೊಂಡು ಹೋಗಿ. ನಮಗೆ ಡ್ರಾಪ್ಸ್ ಸೇರಿ 450 ರೂಪಾಯಿ ಆಯಿತು. ವಾಸಿಯಾಗಿದೆ ಅಂತ ಡಾಕ್ಟರ್ ಹೇಳುವ ತನಕ ಲೆನ್ಸ್ ಮುಟ್ಟಲಿಲ್ಲ.

ಆ ದಿನಗಳಲ್ಲಿ ಕೈಹಿಡಿದದ್ದು ಕನ್ನಡಕ. ಲೆನ್ಸ್ ಬಂತಲ್ಲ ಅಂತ ಕನ್ನಡಕ ಬಿಡಬಾರದು, ಸರಿಯಾದ ಪವರಿನದು ಮನೆಯಲ್ಲಿ ಇರಲೇಬೇಕು. ನಾವು ಹಳೇ ಫ್ರೇಮ್ ಇಟ್ಟುಕೊಂಡು ಗ್ಲಾಸ್ ಮಾತ್ರ ಬದಲಿಸಿದೆವು, 1,300 ಆಯಿತು. ಫ್ರೇಮ್ ಗಟ್ಟಿ ಇದ್ದರೆ ಹೊಸದಕ್ಕೆ ದುಡ್ಡು ಹಾಕಬೇಡಿ. ಈ ಖರ್ಚೂ ಕಷ್ಟ ಅನ್ನುವವರು ಸರ್ಕಾರದ ಆಶಾಕಿರಣ ಯೋಜನೆ ಬಗ್ಗೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣು ತಪಾಸಣೆ, ಕನ್ನಡಕ ಎರಡೂ ಉಚಿತ. ಸರ್ಕಾರಿ ಶಾಲೆ ಮಕ್ಕಳಿಗೆ ಶಾಲೆಯಲ್ಲೇ ತಪಾಸಣೆ ಮಾಡುತ್ತಾರೆ. ಲೆನ್ಸ್ ಇದರಲ್ಲಿ ಬರುವುದಿಲ್ಲ, ಆದರೆ ಕನ್ನಡಕದ ದುಡ್ಡು ಉಳಿದರೆ ಅದೂ ಸಹಾಯವೇ ಅಲ್ವಾ.

ಡಾಕ್ಟರ್ ಫೀಸು, ಫಿಟ್ಟಿಂಗ್, ಮೂರು ತಿಂಗಳ ಲೆನ್ಸ್, ಸಲ್ಯೂಷನ್, ಗ್ಲಾಸ್, ಆ ಸಂಜೆಯ ಖರ್ಚು ಎಲ್ಲ ಸೇರಿ ಇಲ್ಲಿಯ ತನಕ 6,000 ಆಸುಪಾಸು ಆಗಿದೆ. ಮುಂದೆ ತಿಂಗಳಿಗೆ 1,000 ಹತ್ತಿರ, ಪರೀಕ್ಷೆ ಕಾಲದಲ್ಲಿ ಅದಕ್ಕೂ ಕಡಿಮೆ.

ಬೇಸಿಗೆಗೆ ಮೇಡಂ ಈಗಲೇ ಹೇಳಿಟ್ಟಿದ್ದಾರೆ. ಹೋಳಿ ದಿನ ಲೆನ್ಸ್ ಬೇಡವೇ ಬೇಡ, ಬಣ್ಣ ಲೆನ್ಸಿಗೆ ಅಂಟಿದರೆ ಹೋಗುವುದಿಲ್ಲ. ಕೂಲರ್ ಗಾಳಿಗೆ ಎದುರು ಕೂತರೆ ಲೆನ್ಸ್ ಒಣಗುತ್ತದೆ, ಪಕ್ಕಕ್ಕೆ ಕೂರಬೇಕು. ಬೈಕ್ ಮೇಲೆ ಹೋಗುವಾಗ ಸಾದಾ ಗಾಗಲ್ ಇರಲಿ. ಕಣ್ಣು ಒಣಗಿದರೆ ಹಾಕುವ ಡ್ರಾಪ್ಸ್ ಲೆನ್ಸ್ ಮೇಲೆ ಹಾಕಬಹುದಾದದ್ದೇ ಆಗಿರಬೇಕು. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಸಲ್ಯೂಷನ್ ಬಾಟಲಿ ಕೊರಿಯರ್ ಗಾಡಿಯಲ್ಲಿ ದಿನಗಟ್ಟಲೆ ಕಾಯುವುದು ನನಗೆ ಇಷ್ಟವಿಲ್ಲ. ಬೇಸಿಗೆಗೆ ಬೇಕಾದದ್ದನ್ನು ಫೆಬ್ರವರಿಯಲ್ಲೇ ತರಿಸುತ್ತೇನೆ, ಅದಕ್ಕೂ ಮುಂಚೆ ಒಂದು ಸಲ ಕಣ್ಣು ತೋರಿಸಿ, ಪವರ್ ಅಷ್ಟೇ ಇದೆಯಾ ಅಂತ ಕೇಳಿಕೊಂಡು.